ಪುಸ್ತಕ ತೆರೆಯುವ ಮೊದಲು ರೆಕಾರ್ಡು ಹಾಕಿ

1950ರ ದಶಕದ ಅಮೆರಿಕನ್ ಪುಸ್ತಕಗಳಲ್ಲಿ ಕೆಲವನ್ನು ನಾನು ಮೊದಲು ಕಿವಿಯಿಂದ ಓದುತ್ತೇನೆ. ಆಡಿಯೋ ಬುಕ್ ಅಲ್ಲ. ಪುಸ್ತಕದೊಳಗೆ ಯಾವ ಹಾಡು ಬರುತ್ತದೋ ಅದನ್ನು ಹುಡುಕುತ್ತೇನೆ, ಬೇರೆ ಕೆಲಸ ಬಿಟ್ಟು ಕೂತು ಕೇಳುತ್ತೇನೆ, ಆಮೇಲೆ ಆ ಪುಟಕ್ಕೆ ಹೋಗುತ್ತೇನೆ. ಓದುವಾಗ ಹಿಂದೆ ಸಣ್ಣಗೆ ಜಾಝ್ ಹಾಕಿಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ. ನನಗೆ ಅದು ಹಿಡಿಸುವುದಿಲ್ಲ. ಹಾಡೂ ಅರ್ಧ ಕೇಳಿಸುತ್ತದೆ, ಓದೂ ಅರ್ಧವಾಗುತ್ತದೆ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಆಮೇಲೆ ಪುಸ್ತಕ ಹಿಡಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ. ಪದ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅಂತ ಕಿವಿ ಮೊದಲೇ ತಿಳಿದುಕೊಂಡಿರುತ್ತದೆ.

ನಾನು ಎಲ್ಲರಿಗೂ ಮೊದಲು ಕೊಡುವುದು ರಾಲ್ಫ್ ಎಲಿಸನ್ ಅವರ 'ಇನ್ವಿಸಿಬಲ್ ಮ್ಯಾನ್'. 1952ರಲ್ಲಿ ಬಂದ ಕಾದಂಬರಿ. ಅದರ ಪೀಠಿಕೆಯಲ್ಲಿ ಹೆಸರಿಲ್ಲದ ಕಪ್ಪು ಮನುಷ್ಯನೊಬ್ಬ ನೆಲಮಾಳಿಗೆಯಲ್ಲಿ 1,369 ಬಲ್ಬು ಉರಿಸಿಕೊಂಡು ಕೂತಿದ್ದಾನೆ. ಅವನ ಹತ್ತಿರ ಒಂದೇ ಗ್ರಾಮಫೋನ್ ಇದೆ, ಐದು ಬೇಕು ಅನ್ನುತ್ತಾನೆ. ಐದರಲ್ಲೂ ಒಂದೇ ಹಾಡು ಒಟ್ಟಿಗೆ ಕೇಳಬೇಕು, ಅದೂ ಕಿವಿಯಲ್ಲಿ ಮಾತ್ರ ಅಲ್ಲ, ಇಡೀ ಮೈಯಲ್ಲಿ. ಜಾಝ್ ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 'ಬ್ಲ್ಯಾಕ್ ಆ್ಯಂಡ್ ಬ್ಲೂ' ಆ ಹಾಡು.

ಇಲ್ಲಿ ಪುಸ್ತಕ ಮುಚ್ಚಿಬಿಡಿ. 1929ರ ರೆಕಾರ್ಡಿಂಗ್ ಹುಡುಕಿ. ಸುಮಾರು ಮೂರು ನಿಮಿಷ ಅಷ್ಟೇ, ಯಾಕೆಂದರೆ ಆಗಿನ ಹತ್ತು ಇಂಚಿನ 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದೇ ಅಷ್ಟು. ಈ ಹಾಡು ಹುಟ್ಟಿದ್ದು 'ಹಾಟ್ ಚಾಕೊಲೇಟ್ಸ್' ಅನ್ನುವ ರಂಗ ಪ್ರದರ್ಶನಕ್ಕೆ. ಅಲ್ಲಿ ಅದು ಗಾಢ ಬಣ್ಣದ ಹೆಂಗಸೊಬ್ಬಳ ಅಳಲು: ತಿಳಿ ಬಣ್ಣದವರಿಗೆ ಗಂಡಸರು ಸಿಗುತ್ತಾರೆ, ತನಗಿಲ್ಲ ಅಂತ. ಆರ್ಮ್‌ಸ್ಟ್ರಾಂಗ್ ಆ ಮೊದಲ ಚರಣವನ್ನೇ ಬಿಟ್ಟು ಹಾಡಿದರು. ಅಷ್ಟಕ್ಕೇ ಒಬ್ಬಳ ಅಳಲು ಒಂದು ಜನಾಂಗದ ಪ್ರಶ್ನೆಯಾಯಿತು. ಬಿಟ್ಟದ್ದರಿಂದ ಹಾಡು ದೊಡ್ಡದಾಯಿತು, ಅಲ್ವಾ?

ಮೊದಲ ಸಲ ಸುಮ್ನೆ ಕೇಳುತ್ತೇನೆ. ಆಮೇಲೆ ಟ್ರಂಪೆಟ್ ಮಾತ್ರ ಹಿಡಿದು ಹೋಗುತ್ತೇನೆ. ಆಮೇಲೆ ದನಿ ತಾಳದ ಮೇಲೆ ಎಲ್ಲಿ ಕೂರುತ್ತದೆ, ಎಲ್ಲಿ ಸ್ವಲ್ಪ ಹಿಂದೆ ಜಾರುತ್ತದೆ ಅನ್ನುವುದನ್ನು ಗಮನಿಸುತ್ತೇನೆ. ಇಷ್ಟಾದ ಮೇಲೆ ಪೀಠಿಕೆಗೆ ವಾಪಸ್ ಹೋದರೆ ಎಲಿಸನ್ ಬರೆದಿರುವುದು ತತ್ವಜ್ಞಾನ ಅನಿಸುವುದಿಲ್ಲ, ಕೇಳಿದ್ದರ ನೇರ ವರದಿ ಅನಿಸುತ್ತದೆ. ಕಾಣದ ಮನುಷ್ಯನಿಗೆ ಕಾಲವೇ ಬೇರೆ, ಅವನು ಯಾವಾಗಲೂ ತಾಳಕ್ಕಿಂತ ಒಂದಿಷ್ಟು ಮುಂದೆ ಅಥವಾ ಹಿಂದೆ ಇರುತ್ತಾನೆ, ಸಂಗೀತದ ಬ್ರೇಕ್‌ಗಳೊಳಗೆ ಇಳಿದು ಸುತ್ತ ನೋಡುತ್ತಾನೆ ಅನ್ನುತ್ತದೆ ಆ ಭಾಗ. ಬ್ರೇಕ್ ಅಂದರೆ ಉಳಿದ ವಾದ್ಯಗಳೆಲ್ಲ ಒಂದೆರಡು ಬಾರ್, ಅಂದರೆ ತಾಳದ ಒಂದೆರಡು ಸುತ್ತು, ಸುಮ್ಮನಾಗಿ ಒಬ್ಬರೇ ನುಡಿಸುವ ಜಾಗ. ತಾಳ ನಿಂತಿರುವುದಿಲ್ಲ, ಹೊರಗೆ ಕೇಳಿಸುವುದಿಲ್ಲ ಅಷ್ಟೇ. ಇದು ಕಿವಿಗೆ ಸಿಗದಿದ್ದರೆ ಆರ್ಮ್‌ಸ್ಟ್ರಾಂಗ್ ಅವರದೇ 1927ರ 'ಪೊಟೇಟೋ ಹೆಡ್ ಬ್ಲೂಸ್' ಕೇಳಿ. ಅದರ ಟ್ರಂಪೆಟ್ ಸೋಲೋದಲ್ಲಿ ಬ್ಯಾಂಡು ಆಗಾಗ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ, ನಡುವಿನ ಖಾಲಿಯನ್ನೆಲ್ಲ ಅವರೊಬ್ಬರೇ ತುಂಬುತ್ತಾರೆ. ಕಾದಂಬರಿಯ ಮನುಷ್ಯ ಅಂಥ ಖಾಲಿಯಲ್ಲೇ ಕೆಳಗಿಳಿಯುತ್ತಾನೆ. ಅಲ್ಲಿ ಅವನಿಗೆ ಮುದುಕಿಯೊಬ್ಬಳ ಭಕ್ತಿಗೀತೆ ಕೇಳಿಸುತ್ತದೆ, ಗುಲಾಮರ ಹರಾಜು ಕಾಣುತ್ತದೆ, ಪಾದ್ರಿಯ ಪ್ರವಚನ ಕೇಳಿಸುತ್ತದೆ.

ಎಲಿಸನ್ ಇದನ್ನು ಊಹಿಸಿ ಬರೆದವರಲ್ಲ. ಟಸ್ಕೀಗೀ ಸಂಸ್ಥೆಯಲ್ಲಿ ಅವರು ಓದಿದ್ದು ಸಂಗೀತ, ನುಡಿಸುತ್ತಿದ್ದದ್ದು ಟ್ರಂಪೆಟ್. ಹೈಫೈ, ಅಂದರೆ ಹಾಡನ್ನು ಸ್ಪಷ್ಟವಾಗಿ ಕೇಳಿಸುವ ಸಲಕರಣೆಗಳ ಹುಚ್ಚೂ ಇತ್ತು. ಮೇಲಿನ ಮನೆಯ ಗಾಯಕಿಯ ಸಾಧನೆಯಿಂದ ಬರೆಯಲಾಗದೆ, ತಾವೇ ಆಡಿಯೋ ಸಲಕರಣೆ ಜೋಡಿಸಿಕೊಂಡು ಉತ್ತರ ಕೊಟ್ಟ ಕಥೆಯನ್ನು 1955ರಲ್ಲಿ 'ಹೈ ಫಿಡೆಲಿಟಿ' ಪತ್ರಿಕೆಗೆ ಬರೆದರು. ಆ ಪ್ರಬಂಧವನ್ನು ಪೀಠಿಕೆಯ ಜೊತೆಗೇ ಓದಿ.

ಎರಡನೆಯದು ಜೇಮ್ಸ್ ಬಾಲ್ಡ್‌ವಿನ್ ಅವರ 1957ರ ಕಥೆ 'ಸನ್ನೀಸ್ ಬ್ಲೂಸ್'. ಇದರಲ್ಲಿ ನಾನು ತುಂಬಾ ಹೊತ್ತು ನಿಲ್ಲುವ ಜಾಗ ಒಂದಿದೆ. ತಮ್ಮ ಸನ್ನಿ ಜಾಝ್ ನುಡಿಸುತ್ತೇನೆ ಅನ್ನುತ್ತಾನೆ. ಗಣಿತ ಕಲಿಸುವ ಮೇಷ್ಟ್ರಾಗಲಿರುವ ಅಣ್ಣ, ಆರ್ಮ್‌ಸ್ಟ್ರಾಂಗ್ ಥರಾನಾ ಅಂತ ಕೇಳುತ್ತಾನೆ. ತಮ್ಮನಿಗೆ ಸಿಟ್ಟು ಬರುತ್ತದೆ. ಅವನ ದೇವರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್, ಆ ಹೆಸರನ್ನೇ ಅಣ್ಣ ಕೇಳಿಲ್ಲ. ಅಲ್ಲಿ ನಾನು 1929ರ ಆರ್ಮ್‌ಸ್ಟ್ರಾಂಗ್ ಹಾಕಿ, ಕೂಡಲೇ ಪಾರ್ಕರ್ ಅವರ 1945ರ 'ಕೋ-ಕೋ' ಹಾಕುತ್ತೇನೆ. ಅಣ್ಣ-ತಮ್ಮಂದಿರ ನಡುವೆ ಎಷ್ಟು ದೂರ ಅಂತ ಯಾರೂ ವಿವರಿಸಬೇಕಾಗಿಲ್ಲ. ಅಂದಹಾಗೆ, 1942ರಿಂದ ಸಂಗೀತಗಾರರ ಸಂಘ ರೆಕಾರ್ಡಿಂಗ್ ಬಹಿಷ್ಕಾರ ಹಾಕಿತ್ತು, 1944ರವರೆಗೂ ನಡೆಯಿತು. ಬೀಬಾಪ್, ಅಂದರೆ ಪಾರ್ಕರ್ ಅವರಂಥವರ ಹೊಸ ಬಗೆಯ ಜಾಝ್, ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಕ್ಲಬ್ಬುಗಳಲ್ಲಿ ಬೆಳೆದ ವರ್ಷಗಳೇ ಅವು. ರೆಕಾರ್ಡು ನಂಬಿಕೊಂಡು ಕೂತವರಿಗೆ ಅದು ಒಮ್ಮೆಗೇ ಬಂದು ಅಪ್ಪಳಿಸಿದ ಹಾಗಿರಬೇಕು. ಆ ಅಣ್ಣನನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಕಥೆಯ ಕೊನೆಯಲ್ಲಿ ಬ್ಯಾಂಡು ನುಡಿಸುವುದು 'ಆ್ಯಮ್ ಐ ಬ್ಲೂ'. ಬಿಲಿ ಹಾಲಿಡೇ 1941ರಲ್ಲಿ ಹಾಡಿದ್ದನ್ನು ಮೊದಲು ಕೇಳುತ್ತೇನೆ, ಮಾತು ಬಾಯಿಗೆ ಬರುವಷ್ಟು. ಆಮೇಲೆ ಕೊನೆಯ ಪುಟಗಳನ್ನು ಜೋರಾಗಿ ಓದುತ್ತೇನೆ. ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಬಾಸ್, ಅಂದರೆ ತಳದ ಮಂದ್ರ ದನಿಯ ವಾದ್ಯ, ಸತ್ತೇ ಹೋಗುತ್ತದೆ. ಈ ದೃಶ್ಯದಲ್ಲಿ ಸನ್ನಿಯನ್ನು ದಡದಿಂದ ಆಳಕ್ಕೆ ಕರೆದುಕೊಂಡು ಹೋಗುವವನು ಕ್ರಿಯೋಲ್, ಅವನು ನುಡಿಸುವುದು ಬಾಸ್. ಅದನ್ನು ಕೇಳದ ಕಿವಿಗೆ ಆ ಇಬ್ಬರ ಮಾತುಕತೆ ಅರ್ಧ ಮಾತ್ರ ಸಿಗುತ್ತದೆ. ಒಂದು ಒಳ್ಳೆ ಇಯರ್‌ಫೋನ್ ಸಾಕು.

ಬಿಳಿಯ ಲೇಖಕ ಜಾಕ್ ಕೆರೊಆಕ್ ವಿಷಯಕ್ಕೆ ಬಂದರೆ ನಾನು ಜಾಗ್ರತೆಯಿಂದ ಇರುತ್ತೇನೆ. 'ಆನ್ ದಿ ರೋಡ್' ಅನ್ನು 1951ರಲ್ಲಿ ಉದ್ದನೆ ಕಾಗದದ ಸುರುಳಿಯ ಮೇಲೆ ಮೂರು ವಾರದಲ್ಲಿ ಟೈಪ್ ಮಾಡಿದ್ದು, 1957ರಲ್ಲಿ ಅದು ಪ್ರಕಟವಾಗಿದ್ದು ಎಲ್ಲರಿಗೂ ಗೊತ್ತು. ಸ್ಟೀವ್ ಅಲೆನ್ ಪಿಯಾನೋ ಜೊತೆ ಅವರು ಓದಿ 1959ರಲ್ಲಿ ಹೊರಬಂದ ರೆಕಾರ್ಡು ಕೇಳಿದರೆ, ಆ ಉದ್ದುದ್ದ ವಾಕ್ಯಗಳು ಸ್ಯಾಕ್ಸೊಫೋನಿನವನ ಉಸಿರಿನ ಲೆಕ್ಕದಲ್ಲಿವೆ ಅಂತ ತಿಳಿಯುತ್ತದೆ. ಓದು ನಿಜವಾಗಿ ಸುಲಭವಾಗುತ್ತದೆ. ಆದರೆ ಅವರ ಕಿವಿಗೆ ಜಾಝ್‌ನ ಆವೇಶ ಜಾಸ್ತಿ ಬಿತ್ತು, ಅದರ ಹಿಂದಿನ ಸಾಧನೆ ಕಡಿಮೆ ಬಿತ್ತು ಅಂತ ನನ್ನ ಅನಿಸಿಕೆ. ಡೆನ್ವರ್‌ನ ಕಪ್ಪು ಜನರ ಕೇರಿಯಲ್ಲಿ ನಡೆಯುತ್ತಾ ತಾನೂ ಅವರಲ್ಲೊಬ್ಬನಾಗಿದ್ದರೆ ಅಂತ ನಾಯಕ ಹಂಬಲಿಸುವ ಭಾಗ ಅದರಲ್ಲಿದೆ. ಇದನ್ನು ಕೆರೊಆಕ್ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ವೇದಿಕೆಯಲ್ಲಿ ನಿಂತು ಓದುವ ಸಾಹಸ ಮಾಡಿದರೆ ಅವರ ಜಾಗದಲ್ಲಿ ನಾನಿರಲು ಇಷ್ಟಪಡುವುದಿಲ್ಲ ಎಂಬರ್ಥದಲ್ಲಿ ಬಾಲ್ಡ್‌ವಿನ್ 1961ರಲ್ಲಿ ಬರೆದರು. ಅದನ್ನು ನಾನೀಗ ಪರೀಕ್ಷೆಯ ಹಾಗೆ ಬಳಸುತ್ತೇನೆ. ಸಂಗೀತದ ಬಗ್ಗೆ ಯಾರು ಏನೇ ಬರೆದಿರಲಿ, ಆ ಸಂಗೀತ ಹುಟ್ಟಿಸಿದ ಜನರ ಎದುರು ಇದನ್ನು ಗಟ್ಟಿಯಾಗಿ ಓದಬಹುದಾ ಅಂತ ಕೇಳಿಕೊಳ್ಳುತ್ತೇನೆ.

ಆ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುವವರು ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. 1958ರಲ್ಲಿ ತಮ್ಮ ಕವಿತೆಗಳನ್ನು ತಾವೇ ಬ್ಯಾಂಡಿನ ಜೊತೆ ಓದಿ ಎಲ್‌ಪಿ ಮಾಡಿದರು, ಹೆಸರು 'ದಿ ವಿಯರಿ ಬ್ಲೂಸ್'. ಒಂದು ಬದಿಯಲ್ಲಿ ರೆಡ್ ಆ್ಯಲೆನ್ ಮುಂತಾದ ಹಳೆ ತಲೆಮಾರಿನವರಿದ್ದಾರೆ, ಇನ್ನೊಂದರಲ್ಲಿ ಹೊಸ ಜಾಝ್‌ನ ಚಾರ್ಲ್ಸ್ ಮಿಂಗಸ್ ಮತ್ತು ಅವರ ಬಳಗ. ಸನ್ನಿ ಮತ್ತು ಅವನ ಅಣ್ಣ ಜಗಳವಾಡಿದ ಎರಡೂ ಸಂಗೀತ ಒಂದೇ ತಟ್ಟೆಯ ಎರಡು ಬದಿಯಲ್ಲಿವೆ. ಹ್ಯೂಸ್ ದನಿ ಎರಡೂ ಕಡೆ ಒಂದೇ ಸಮ, ಅವಸರವಿಲ್ಲ. ಹೊಸದಾಗಿ ಶುರು ಮಾಡುವವರು ಮಿಂಗಸ್ ಬದಿಯನ್ನು ಮೊದಲು ಕೇಳಿ, ಜೊತೆಗೆ ಹ್ಯೂಸ್ ಅವರ 1951ರ 'ಮೊಂಟಾಜ್ ಆಫ್ ಎ ಡ್ರೀಮ್ ಡಿಫರ್ಡ್' ತೆರೆದಿಟ್ಟುಕೊಳ್ಳಿ. ಇದು ಬೀಬಾಪ್‌ನ ಹಾಗೆ ತಟ್ಟನೆ ತಿರುಗುವ, ತುಂಡಾಗುವ ಕವಿತೆ ಅಂತ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ನಾನು ಆ ಮುನ್ನುಡಿಯನ್ನು ರೆಕಾರ್ಡು ಮುಗಿದ ಮೇಲೆ ಓದುತ್ತೇನೆ.