ಬಿಪ್ ಬ್ಯಾಂಡು, ಹಳದಿ ಮೀಡಿಯಾ

ಲ್ಯಾಬಿನಲ್ಲಿ ಎರಡು ವಾರ ಆಂಟಿಬಾಡಿಯನ್ನು (ಬೇಕಾದ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು) ಬೈದುಕೊಂಡೇ ಓಡಾಡಿದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ನನಗೆ ಬೇಕಾಗಿದ್ದು ಇಷ್ಟೆ. ಹೀಲಾ ಜೀವಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ಟ್ಯೂನಿಕಾಮೈಸಿನ್ ಅನ್ನುವ ಔಷಧಿ ಹಾಕಿ, ಬಿಪ್ ಅನ್ನುವ ಪ್ರೋಟೀನು ಜಾಸ್ತಿಯಾಗುವುದನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ತೋರಿಸಬೇಕಿತ್ತು. ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಗುರುತಿಸಿ ಗೆರೆಯಾಗಿ (ಬ್ಯಾಂಡ್) ನೋಡುವ ವಿಧಾನ. ಬಿಪ್ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಕೋಶದೊಳಗೆ ಪ್ರೋಟೀನು ಮಡಚಿಕೊಳ್ಳುವ ಜಾಗ) ಒಳಗಿರುವ ಶಾಪೆರೋನ್, ಅಂದರೆ ಮಡಚಿಕೊಳ್ಳಲು ನೆರವಾಗುವ ಪ್ರೋಟೀನು. ಹೊಸ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವವರೆಗೆ ಅದನ್ನು ಹಿಡಿದು ಕಾಯುತ್ತದೆ. ಟ್ಯೂನಿಕಾಮೈಸಿನ್ ಹಾಕಿದರೆ ಪ್ರೋಟೀನಿಗೆ ಸಕ್ಕರೆಯ ಸರಪಳಿ ಸೇರುವುದಿಲ್ಲ. ಮಡಚಿಕೊಳ್ಳದ ಪ್ರೋಟೀನು ಇಆರ್‌ನಲ್ಲಿ ರಾಶಿ ಬೀಳುತ್ತದೆ. ಆಗ ಜೀವಕೋಶ ಬಿಪ್ ತಯಾರಿಕೆ ಹೆಚ್ಚಿಸುತ್ತದೆ.

ಮೊದಲು ಫ್ರೀಜರ್‌ನಲ್ಲಿದ್ದ ಕೆಡಿಇಎಲ್ ಆಂಟಿಬಾಡಿ ಹಾಕಿದೆ. ಎರಡು ಬ್ಯಾಂಡ್ ಬಂತು, 78 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಲೆಕ್ಕ) ಹತ್ತಿರ ಒಂದು, 94ರ ಹತ್ತಿರ ಇನ್ನೊಂದು. ಕೆಟ್ಟುಹೋಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಕೆಡಿಇಎಲ್ ಅನ್ನುವುದು ಇಆರ್‌ನಲ್ಲೇ ಉಳಿಯಬೇಕಾದ ಪ್ರೋಟೀನುಗಳ ಬಾಲದಲ್ಲಿರುವ ನಾಲ್ಕು ಅಮೈನೋ ಆಮ್ಲ. ಬಿಪ್‌ಗೂ ಅದೇ ಬಾಲ, ಇಆರ್‌ನ ಇನ್ನೊಂದು ಶಾಪೆರೋನ್ ಜಿಆರ್‌ಪಿ94ಗೂ ಅದೇ ಬಾಲ. ಬಾಲ ಹಿಡಿಯುವ ಆಂಟಿಬಾಡಿ ಇಬ್ಬರನ್ನೂ ಹಿಡಿಯುತ್ತದೆ, ಅಲ್ವಾ?

ಸರಿ, ಬಿಪ್ ಒಂದನ್ನೇ ಗುರುತಿಸುವ ಮೊಲದ ಆಂಟಿಬಾಡಿ ತರಿಸಿದೆವು. ಸಾವಿರ ಪಟ್ಟು ತೆಳು ಮಾಡಿ (1:1000), ಕೋಲ್ಡ್ ರೂಮಿನಲ್ಲಿ ಇಡೀ ರಾತ್ರಿ. ಬೆಳಿಗ್ಗೆ ನೋಡಿದರೆ 78ರಲ್ಲಿ ಒಂದೇ ಬ್ಯಾಂಡ್, ಚೊಕ್ಕವಾಗಿ. ಆದರೆ ಔಷಧಿ ಹಾಕದ ಕಂಟ್ರೋಲ್ ಕೂಡ ಅಷ್ಟೇ ಕಪ್ಪು! ಪ್ರತಿ ಲೇನಿಗೆ (ಬ್ಲಾಟ್‌ನ ಒಂದೊಂದು ಸಾಲು) ಹಾಕಿದ ಪ್ರೋಟೀನು ಸಮವೇ ಅಂತ ತಿಳಿಯಲು ನೋಡುವ ಆಕ್ಟಿನ್ ಎಲ್ಲ ಲೇನಿನಲ್ಲೂ ಸಮ. ಆಂಟಿಬಾಡಿ ಜಾಸ್ತಿಯಾಯಿತೇನೋ ಅಂತ 1:2000, 1:5000 ಮಾಡಿದೆ. ಎಲ್ಲ ಬ್ಯಾಂಡೂ ಒಟ್ಟಿಗೇ ಮಸುಕಾದವು, ವ್ಯತ್ಯಾಸ ಮಾತ್ರ ಕಾಣಲಿಲ್ಲ.

ನಮ್ಮ ಸೀನಿಯರ್ ಬ್ಲಾಟ್ ಕಡೆ ನೋಡಲೇ ಇಲ್ಲ. ನೇರ ಇನ್‌ಕ್ಯುಬೇಟರ್ ತೆಗೆದು ನನ್ನ ಪ್ಲೇಟ್ ಎತ್ತಿ ಹಿಡಿದರು. ಮೀಡಿಯಾ, ಅಂದರೆ ಕೋಶಗಳಿಗೆ ಊಟವಾಗುವ ದ್ರವ, ಅರಿಶಿನದ ನೀರಿನಂತಿತ್ತು. "ಇದಕ್ಕೆ ಊಟ ಹಾಕಿ ಎಷ್ಟು ದಿನ ಆಯ್ತು?" ಅಂತ ಕೇಳಿದರು. ಮೂರು ದಿನ. ಕೋಶಗಳು ಪ್ಲೇಟ್ ತುಂಬಿ ಒಂದರ ಮೇಲೊಂದು ಹತ್ತಿದ್ದವು. ಬಿಪ್‌ನ ಇನ್ನೊಂದು ಹೆಸರು ಜಿಆರ್‌ಪಿ78, ಅಂದರೆ ಗ್ಲೂಕೋಸ್‌ಗೆ ತಕ್ಕಂತೆ ಏರಿಳಿಯುವ ಪ್ರೋಟೀನು. ಗ್ಲೂಕೋಸ್ ಮುಗಿದರೆ ಅದು ಏರುತ್ತದೆ. ಹೆಸರಿನಲ್ಲೇ ಇದ್ದ ವಿಷಯ ನನಗೆ ಹೊಳೆದಿರಲಿಲ್ಲ. ನನ್ನ ಕಂಟ್ರೋಲ್ ಹಸಿದು ಕೂತಿತ್ತು.

ಮುಂದಿನ ಸಲ ಹಿಂದಿನ ದಿನವೇ ಕೋಶಗಳನ್ನು ಹೊಸ ಪ್ಲೇಟಿಗೆ ತೆಳುವಾಗಿ ಹಾಕಿದೆ. ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುವ ತಾಜಾ ಮೀಡಿಯಾ ಕೊಟ್ಟೆ. ಒಂದಕ್ಕೆ ಮಿಲೀಲೀಟರಿಗೆ 2 ಮೈಕ್ರೋಗ್ರಾಂ ಟ್ಯೂನಿಕಾಮೈಸಿನ್, ಇನ್ನೊಂದಕ್ಕೆ ಔಷಧಿ ಕರಗಿಸುವ ದ್ರವ ಡಿಎಂಎಸ್‌ಒ ಮಾತ್ರ, ಅಷ್ಟೇ ಪ್ರಮಾಣದಲ್ಲಿ. 16 ಗಂಟೆ ಬಿಟ್ಟು ಎರಡನ್ನೂ ಒಟ್ಟಿಗೇ ತೆಗೆದೆ. ಈ ಸಲ ಕಂಟ್ರೋಲ್ ತೆಳು ಗೆರೆ, ಪಕ್ಕದ್ದು ಕಾಡಿಗೆ ಬಳಿದ ಹಾಗೆ. ನಂಬಿಕೆ ಬರಲಿಲ್ಲ ಅಂತ ಎಸ್‌ಐಆರ್‌ಎನ್‌ಎ (ಒಂದು ಪ್ರೋಟೀನಿನ ತಯಾರಿಕೆಯನ್ನಷ್ಟೇ ತಡೆಯುವ ಚಿಕ್ಕ ಆರ್‌ಎನ್‌ಎ) ಹಾಕಿ ಬಿಪ್ ಇಳಿಸಿ ನೋಡಿದೆ. ಬ್ಯಾಂಡೂ ಇಳಿಯಿತು. ಇದನ್ನು ಮೊದಲ ದಿನವೇ ಮಾಡಿದ್ದರೆ ಸುಮ್ನೆ ಎರಡು ವಾರ ಹೋಗುತ್ತಿರಲಿಲ್ಲ.

ಇನ್ನೊಂದು ತಮಾಷೆ. ಬಿಪ್ 1983ರಲ್ಲಿ ಬೆಳಕಿಗೆ ಬಂದದ್ದೇ ಆಂಟಿಬಾಡಿಯ ಒಂದು ಭಾಗವಾದ ಭಾರೀ ಸರಪಳಿಗೆ (ಹೆವಿ ಚೈನ್) ಅಂಟಿಕೊಂಡ ಪ್ರೋಟೀನು ಅಂತ. ಆಂಟಿಬಾಡಿ ಮಡಚಿಕೊಳ್ಳಲು ನೆರವಾಗುವುದನ್ನು ನಾವು ಆಂಟಿಬಾಡಿಯಿಂದಲೇ ಹಿಡಿಯುತ್ತಿದ್ದೇವೆ.

ಕೆಡಿಇಎಲ್ ಟ್ಯೂಬ್ ಎಸೆದಿಲ್ಲ. ಬಿಪ್, ಜಿಆರ್‌ಪಿ94 ಎರಡೂ ಒಟ್ಟಿಗೆ ಏರುವುದನ್ನು ನೋಡಬೇಕಾದಾಗ ಅದೇ ವಾಸಿ. ಈಗ ಪ್ಲೇಟಿನ ಮುಚ್ಚಳದ ಮೇಲೆ ತಾರೀಖಿನ ಜೊತೆ ಮೀಡಿಯಾ ಬದಲಿಸಿದ ಗಂಟೆಯನ್ನೂ ಮಾರ್ಕರ್‌ನಲ್ಲಿ ಬರೆಯುತ್ತೇನೆ.