ಡೂಪ್ಲಿಕೇಟ್ ವಾಚಿನ ಮುಚ್ಚಳ ತೆಗೆದರೆ: ಮಿಷನ್ ರಿಪೇರಿಯಲ್ಲಿ ನನ್ನ ಅನುಭವ

ಫಸ್ಟ್ ಕಾಪಿ ವಾಚು ಕೈಗೆ ಬಂದರೆ ನಾನು ಡಯಲ್ ಕಡೆ ಜಾಸ್ತಿ ನೋಡುವುದಿಲ್ಲ. ಮೊದಲು ಹಿಂದಿನ ಮುಚ್ಚಳ ಬಿಚ್ಚುತ್ತೇನೆ. ಡಯಲ್ ಮೇಲೆ ಯಾವ ಹೆಸರನ್ನು ಬೇಕಾದರೂ ಅಚ್ಚು ಹಾಕಬಹುದು. ಒಳಗಿನ ಮಿಷನ್ ಹಾಗಲ್ಲ. ಅತ್ತಿತ್ತ ಆಡುತ್ತಾ ಟಿಕ್ ಟಿಕ್ ಅನ್ನಿಸುವ ಬ್ಯಾಲೆನ್ಸ್ ಚಕ್ರ ಎಲ್ಲಿ ಕೂತಿದೆ, ಕೈ ಆಡಿದಂತೆ ತಿರುಗಿ ತಾನೇ ಕೀ ಕೊಡುವ ರೋಟರ್ ಹೇಗೆ ತಿರುಗುತ್ತದೆ ಅಂತ ನೋಡಿದರೆ ಅದು ಯಾವ ಕುಲದ್ದು ಅನ್ನುವುದು ಗೊತ್ತಾಗಿಬಿಡುತ್ತದೆ. ಅದು ಗೊತ್ತಾದ ಮೇಲೆ ರಿಪೇರಿ ಮಾಡಬೇಕಾ, ಮಿಷನ್ನೇ ಬದಲಾಯಿಸಬೇಕಾ, ಸುಮ್ನೆ ವಾಪಸ್ ಕೊಡಬೇಕಾ ಅನ್ನುವುದನ್ನು ಯೋಚಿಸಬಹುದು.

ನಾನು ಅಂಗಡಿ ಇಟ್ಟವನಲ್ಲ. ಹೊಟ್ಟೆಪಾಡಿನ ಕೆಲಸ ಬೇರೆ, ವಾಚು ಬರೀ ಹವ್ಯಾಸ. ತುಮಕೂರಿನವನಿಗೆ ಈ ಹುಚ್ಚು ಹತ್ತುವುದು ದೊಡ್ಡ ವಿಷಯವೇನಲ್ಲ ಬಿಡಿ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಶುರು ಮಾಡಿದ ಎಚ್‌ಎಂಟಿ, ಮುಂದೆ ನಮ್ಮೂರಲ್ಲೂ ಕಾರ್ಖಾನೆ ಹಾಕಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, ಇಲ್ಲಿನ ಜಾಗ ಇಸ್ರೋಗೆ ಹೋಯಿತು. ಅಲ್ಲಿ ದುಡಿದವರು ಮಾತ್ರ ಊರಲ್ಲೇ ಇದ್ದಾರೆ. ನಮ್ಮ ಬೀದಿಯಲ್ಲೇ ಅಸೆಂಬ್ಲಿಯಲ್ಲಿದ್ದು ರಿಟೈರ್ ಆದವರೊಬ್ಬರಿದ್ದಾರೆ. ನನಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದ್ದು ಅವರೇ. "ತೋರುಬೆರಳು ತಲೆ ಮೇಲಿರ್ಲಿ, ತಿರುಗಿಸೋದು ಹೆಬ್ಬೆರಳು ನಡುಬೆರಳು. ಒತ್ತಬೇಡ ಕಣಪ್ಪಾ, ಅದೇನು ಕೊಟ್ಟಿಗೆ ಚಿಲಕವಾ?" ಅಂತ ಬೈದು ಬೈದು ಕಲಿಸಿದರು.

ಅವರು ಕಲಿಸಿದ್ದು ಎಚ್‌ಎಂಟಿ 0231 ಮಿಷನ್ ಮೇಲೆ. ಜನತಾ, ಪೈಲಟ್ ವಾಚುಗಳಲ್ಲಿ ಇರುತ್ತಲ್ಲ, ಅದೇ. 17 ಜುವೆಲ್ (ಸವೆತ ತಡೆಯುವ ಸಣ್ಣ ಕಲ್ಲು), ಕೈಯಲ್ಲಿ ಕೀ ಕೊಡುವ ಮಿಷನ್, ಬ್ಯಾಲೆನ್ಸಿನದು ಗಂಟೆಗೆ 18,000 ಬಡಿತ. ಆಟೋಮ್ಯಾಟಿಕ್ ಅಲ್ಲವಾದ್ದರಿಂದ ಮೇಲೆ ರೋಟರ್ ಇಲ್ಲ, ಅದರ ಚಕ್ರಗಳೂ ಇಲ್ಲ. ಮುಚ್ಚಳ ತೆಗೆದರೆ ಎಲ್ಲ ಕಣ್ಣೆದುರಿಗೇ ಇರುತ್ತದೆ. ಇದರ ಮೇಲೆ ಕೈ ಕೂತ ಮೇಲೆಯೇ ನಾನು ಚೀನಾ ಮಿಷನ್ ಮುಟ್ಟಿದ್ದು.

ಈ ಕಡೆ ಸಿಗುವ ಫಸ್ಟ್ ಕಾಪಿಗಳಲ್ಲಿ ನಾನು ನೋಡಿರುವುದು ಮುಖ್ಯವಾಗಿ ಎರಡು ಕುಲ. ಅಗ್ಗದ್ದರಲ್ಲಿ ಡಿಜಿ2813 ಅನ್ನುವ ಚೀನಾ ಮಿಷನ್ ಇರುತ್ತದೆ. ಇದು ಜಪಾನಿನ ಮಿಯೋಟಾ 8215ರ ಅಚ್ಚು ಹಿಡಿದು ಮಾಡಿದ್ದು, ಗಂಟೆಗೆ 21,600 ಬಡಿತ. ಸ್ವಲ್ಪ ದುಬಾರಿಯದರಲ್ಲಿ ಸ್ವಿಸ್ ಇಟಿಎ 2824-2ರ ನಕಲು ಇರುತ್ತದೆ, 28,800 ಬಡಿತ. ಇದರ ಪೇಟೆಂಟ್ ಅವಧಿ ಯಾವತ್ತೋ ಮುಗಿದಿದೆ. ಹಾಗಾಗಿ ಅದೇ ವಿನ್ಯಾಸದಲ್ಲಿ ಮಿಷನ್ ಮಾಡಿ, ಚೀನಾದ ಸೀಗಲ್ ಕಂಪನಿಯ ಎಸ್‌ಟಿ2130 ಥರ ಸ್ವಂತ ಹೆಸರಿನಲ್ಲೇ ಮಾರುವುದರಲ್ಲಿ ತಪ್ಪೇನಿಲ್ಲ. ಡಯಲ್ ಮೇಲೆ ಕಂಡವರ ಹೆಸರು ಹಾಕುವುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಬಡಿತ ಗೊತ್ತಿದ್ದರೆ ಮುಚ್ಚಳ ತೆಗೆಯದೆಯೂ ಅಂದಾಜು ಮಾಡಬಹುದು. ಫೋನಿನಲ್ಲಿ ಸೆಕೆಂಡ್ ಮುಳ್ಳನ್ನು ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿ. ಸೆಕೆಂಡಿಗೆ ಎಂಟು ಹೆಜ್ಜೆಯಾದರೆ 28,800, ಆರಾದರೆ 21,600, ಐದಾದರೆ 18,000. ರೋಲೆಕ್ಸ್ ಸಬ್‌ಮರೀನರ್ ಅಂತ ಕೊಟ್ಟಿದ್ದು ಆರು ಹೆಜ್ಜೆ ಇಡುತ್ತಿದ್ದರೆ ಮುಂದೆ ಮಾತೇ ಬೇಡ. ಎಂಟು ಇಟ್ಟಿತು ಅಂತ ನಂಬಲೂ ಬೇಡಿ, ಒಳ್ಳೆ ನಕಲೂ ಎಂಟೇ ಇಡುತ್ತದೆ.

ನಮ್ಮ ಭಾವನದ್ದು ಅಂಥದ್ದೇ. ದುಬೈಯಿಂದ ಬಂದ ಸ್ನೇಹಿತರು ಕೊಟ್ಟಿದ್ದಂತೆ. "ನೀನೇ ಬಿಚ್ಚಿ ನೋಡಯ್ಯಾ, ಕೀ ಕೊಟ್ರೆ ಒಳಗೆ ಏನೋ ಗಿರ್ ಅನ್ನುತ್ತೆ" ಅಂದರು. ಕೀ ಕೊಟ್ಟು ನೋಡಿದೆ. ಮುಚ್ಚಳ ತೆಗೆದಾಗ ಕ್ರೌನ್ (ಪಕ್ಕದ ಕೀ ತಿರುಪು) ತಿರುಗಿಸಿದಂತೆಲ್ಲ ರೋಟರ್ ಕೂಡ ಗಿರಗಿರ ತಿರುಗುತ್ತಿತ್ತು. 2824 ಕುಲದ ಮಿಷನ್‌ನಲ್ಲಿ ಇದು ರೋಗದ ಗುರುತು. ರೋಟರ್ ಯಾವ ಕಡೆ ತಿರುಗಿದರೂ ವಾಚು ಓಡಿಸುವ ಸ್ಪ್ರಿಂಗ್ ಸುತ್ತಿಕೊಳ್ಳಲಿ ಅಂತ ಎರಡು ಸಣ್ಣ ರಿವರ್ಸಿಂಗ್ ಚಕ್ರ ಇರುತ್ತವೆ. ಕೈಯಲ್ಲಿ ಕೀ ಕೊಡುವಾಗ ಅವು ರೋಟರನ್ನು ಬಿಟ್ಟುಕೊಡಬೇಕು. ಒಳಗೆ ಎಣ್ಣೆ ಒಣಗಿ ಅಂಟಾಗಿದ್ದರೆ, ಇಲ್ಲಾ ಮಾಡಿದವನೇ ಎಣ್ಣೆ ಸುರಿದಿದ್ದರೆ, ಅವು ಬಿಡುವುದಿಲ್ಲ. ಹಾಗೇ ಕೀ ಕೊಡುತ್ತಾ ಹೋದರೆ ಹಲ್ಲು ಸವೆಯುತ್ತವೆ.

ಇದನ್ನೇ ಮಿಯೋಟಾ ಕುಲದ ಜೊತೆ ಗೊಂದಲ ಮಾಡಿಕೊಳ್ಳಬಾರದು. ಮಿಯೋಟಾ 8215 ಮತ್ತು ಅದರ ನಕಲುಗಳಲ್ಲಿ ರೋಟರ್ ಒಂದೇ ಕಡೆ ಸ್ಪ್ರಿಂಗ್ ಸುತ್ತುತ್ತದೆ, ಇನ್ನೊಂದು ಕಡೆ ಖಾಲಿ ಓಡುತ್ತದೆ. ಕೈ ಅಲ್ಲಾಡಿಸಿದರೆ ಜೋರಾಗಿ ಸದ್ದು ಬರುತ್ತದೆ, ಮಣಿಕಟ್ಟಿಗೇ ತಿಳಿಯುತ್ತದೆ. ಅದು ಹುಟ್ಟುಗುಣ. ಅದನ್ನು ರಿಪೇರಿ ಮಾಡಿಕೊಡುತ್ತೇನೆ ಅಂತ ದುಡ್ಡು ಕೇಳುವವರಿಂದ ದೂರ ಇರಿ.

ಭಾವನ ವಾಚನ್ನು ಟೈಮ್‌ಗ್ರಾಫರ್ (ಟಿಕ್ ಟಿಕ್ ಕೇಳಿ ನಡಿಗೆ ಅಳೆಯುವ ಮೀಟರ್) ಮೇಲಿಟ್ಟೆ. ಆಯಾ ಮಿಷನ್‌ಗೆ ತಕ್ಕಂತೆ ಮೀಟರಿನಲ್ಲಿ ಹೊಂದಿಸಬೇಕಾದ ಲಿಫ್ಟ್ ಆ್ಯಂಗಲ್ ಅನ್ನುವ ಕೋನವನ್ನು 50 ಡಿಗ್ರಿಗೆ ಇಡಬೇಕು, 2824ಕ್ಕೆ ಅದೇ ಸರಿ. ಎಷ್ಟೋ ಜನ ಮೀಟರ್ ಬಂದ ಹಾಗೇ 52ರಲ್ಲಿ ಬಿಟ್ಟು ಎಲ್ಲ ವಾಚನ್ನೂ ಅಳೆಯುತ್ತಾರೆ. ಆಗ ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಎಷ್ಟು ಡಿಗ್ರಿ ತಿರುಗುತ್ತದೆ ಅನ್ನುವುದು) ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದರಲ್ಲಿ ಪೂರ್ತಿ ಕೀ ಕೊಟ್ಟರೂ 200ರ ಆಸುಪಾಸು ಇತ್ತು. ಮಲಗಿಸಿದ ವಾಚು 270 ಮೇಲೆ ಇರಬೇಕು. ಸರ್ವಿಸ್ ಮಾಡಲೇಬೇಕಿತ್ತು.

ಬಿಚ್ಚುವಾಗ ಮೊದಲು ಎಚ್ಚರ ಬೇಕಾದದ್ದು ಕ್ರೌನ್ ಎಳೆಯುವಲ್ಲಿ. 2824ರಲ್ಲಿ ಸ್ಟೆಮ್ (ಕ್ರೌನಿಗೆ ಅಂಟಿಕೊಂಡ ಕಡ್ಡಿ) ಬಿಡಿಸಲು ಸಣ್ಣ ಗುಂಡಿ ಒತ್ತಬೇಕು. ಸ್ವಲ್ಪ ಜೋರಾಗಿ ಒತ್ತಿದರೆ ಒಳಗೆ ಸ್ಟೆಮ್ ಹಿಡಿದಿಡುವ ಸೆಟ್ಟಿಂಗ್ ಲಿವರ್ ಜಾಗ ತಪ್ಪುತ್ತದೆ. ಆಮೇಲೆ ಸ್ಟೆಮ್ ಹಾಕಿದರೂ ಟೈಮ್ ತಿರುಗುವುದಿಲ್ಲ. ಸರಿ ಮಾಡಬೇಕಾದರೆ ಮುಳ್ಳು, ಡಯಲ್ ಎಲ್ಲ ತೆಗೆಯಬೇಕು. ಕ್ರೌನನ್ನು ಟೈಮ್ ಇಡುವ ಜಾಗಕ್ಕೆ ಎಳೆದಿಟ್ಟು, ಚಿಮಟದ ತುದಿಯಿಂದ ಮೆತ್ತಗೆ ಒತ್ತುವುದು ನನ್ನ ಪದ್ಧತಿ.

ಆಮೇಲೆ ಕ್ಲಿಕ್ (ಸ್ಪ್ರಿಂಗ್ ಹಿಂದಕ್ಕೆ ಬಿಚ್ಚದಂತೆ ತಡೆಯುವ ಕೊಕ್ಕೆ) ಹಿಡಿದು ಸ್ಪ್ರಿಂಗಿನ ಬಿಗುವು ನಿಧಾನಕ್ಕೆ ಬಿಡಬೇಕು. ಚಕ್ರಗಳನ್ನು ಒಂದೊಂದೇ ಹಲ್ಲಿನಷ್ಟು ಬಿಡುವ ಕವೆಗೆ ಪ್ಯಾಲೆಟ್ ಅಂತಾರೆ; ಬಿಗುವು ಇರುವಾಗಲೇ ಅದನ್ನು ಹಿಡಿದಿರುವ ಬ್ರಿಡ್ಜ್ (ಪಟ್ಟಿ) ಬಿಚ್ಚಿದರೆ ಚಕ್ರಗಳೆಲ್ಲ ಒಂದೇ ಉಸಿರಿಗೆ ಓಡಿ ಪಿವಟ್ (ಅಚ್ಚಿನ ಸಣ್ಣ ತುದಿ) ಮುರಿಯುತ್ತವೆ.

ತೊಳೆಯುವ ವಿಷಯದಲ್ಲಿ ಒಂದು ಮಾತು. ಚಕ್ರ, ಬ್ರಿಡ್ಜ್‌ಗಳನ್ನು ಲೈಟರ್ ಪೆಟ್ರೋಲಿನಲ್ಲಿ ತೊಳೆದು ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಣಗಿಸುತ್ತೇನೆ. ಪ್ಯಾಲೆಟ್ ಮತ್ತು ಬ್ಯಾಲೆನ್ಸನ್ನು ಮಾತ್ರ ಆಲ್ಕೋಹಾಲ್‌ನಲ್ಲಿ ನೆನೆಹಾಕುವುದಿಲ್ಲ. ಪ್ಯಾಲೆಟ್ಟಿನ ಎರಡು ಕೆಂಪು ಕಲ್ಲು, ಬ್ಯಾಲೆನ್ಸ್ ಕೆಳಗಿನ ಇಂಪಲ್ಸ್ ಕಲ್ಲು, ಮೂರನ್ನೂ ಕೂರಿಸಿರುವುದು ಅರಗಿನಲ್ಲಿ. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಕಲ್ಲು ಕೂದಲೆಳೆಯಷ್ಟು ಸರಿದರೂ ವಾಚಿನ ನಡಿಗೆ ಕೆಟ್ಟಿತು ಅಂತಲೇ ಲೆಕ್ಕ. ಅವಕ್ಕೆ ಪೆಟ್ರೋಲ್ ಸಾಕು.

ಎಣ್ಣೆ ಹಾಕುವುದೇ ನನಗೆ ಇಷ್ಟದ ಕೆಲಸ. ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಹಾಕಿಕೊಂಡು, ಪಿವಟ್ ಕೂರುವ ಕಲ್ಲಿನ ಬಟ್ಟಲಲ್ಲಿ ಮೋಬಿಯಸ್ 9010 ಎಣ್ಣೆಯ ಒಂದು ಹನಿ ಬಿಟ್ಟರೆ, ಪಿವಟ್ ಸುತ್ತ ಉಂಗುರದ ಹಾಗೆ ಹರಡಿ ನಿಲ್ಲುತ್ತದೆ. ಬಟ್ಟಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು. ಅಂಚಿನಾಚೆ ಹರಿದರೆ ಬ್ರಿಡ್ಜ್ ಮೇಲೆ ಹಬ್ಬಿ ಪಿವಟ್ ಒಣಗುತ್ತದೆ, ಆಗ ಮತ್ತೆ ತೊಳೆಯಬೇಕು. ಪ್ಯಾಲೆಟ್ ಕಲ್ಲಿನ ಮುಖಕ್ಕೆ ಮೋಬಿಯಸ್ 9415. ಪ್ಯಾಲೆಟ್ಟಿನ ಪಿವಟ್‌ಗೆ ಏನೂ ಹಾಕಬಾರದು. ರಿವರ್ಸಿಂಗ್ ಚಕ್ರಗಳಿಗೆ ಲ್ಯೂಬೆಟಾ ವಿ105 ದ್ರವದಲ್ಲಿ ಅದ್ದಿ ಒಣಗಿಸಿದೆ. ಅದು ಕಣ್ಣಿಗೇ ಕಾಣದಷ್ಟು ತೆಳುವಾಗಿ ಕೂರುತ್ತದೆ. ಜೋಡಿಸಿದ ಮೇಲೆ ಕೀ ಕೊಟ್ಟರೆ ರೋಟರ್ ಅಲ್ಲಾಡಲಿಲ್ಲ, ಆ್ಯಂಪ್ಲಿಟ್ಯೂಡ್ 270 ದಾಟಿತು. ಭಾವ ಕೇಳಿದ್ದು ಒಂದೇ: "ಹಂಗಾದ್ರೆ ಇದು ಒರಿಜಿನಲ್ಲಾ?" ಅಲ್ಲ ಭಾವ, ಆದರೆ ಚೆನ್ನಾಗಿ ಓಡುತ್ತೆ ಅಂದೆ.

ಡಿಜಿ2813 ಆಗಿದ್ದರೆ ನಾನು ಇಷ್ಟು ಕಷ್ಟ ಪಡುತ್ತಿರಲಿಲ್ಲ. ಹೊಸ ಮಿಷನ್ನೇ ಸರ್ವಿಸ್‌ಗಿಂತ ಕಡಿಮೆಗೆ ಬರುತ್ತದೆ. ಅದನ್ನು ಕಿತ್ತು ಹೊಸದು ಹಾಕುವುದು ಜಾಣತನ. ಹಳೆಯದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಬಹುದು.

ಇನ್ನು ಮಾಡ್ ಮಾಡುವ, ಅಂದರೆ ಬಿಡಿಭಾಗ ತಂದು ತಮ್ಮಿಷ್ಟದ ವಾಚು ಜೋಡಿಸುವ ಹುಡುಗರ ವಿಷಯ. ಎಲ್ಲರಿಗೂ ಸೈಕೋ ಕಂಪನಿಯ ಎನ್‌ಎಚ್35 ಮಿಷನ್ ಬೇಕು. ಒಳ್ಳೆಯ ಮಿಷನ್, 24 ಜುವೆಲ್, ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಕೈಯಲ್ಲೂ ಕೀ ಕೊಡಬಹುದು. ಆದರೆ 2824ಕ್ಕೆ ಮಾಡಿದ ಕೇಸಿನಲ್ಲಿ ಇದನ್ನು ತುರುಕಲು ಹೋಗಬೇಡಿ. 2824ರ ಅಗಲ 25.6 ಮಿ.ಮೀ., ದಪ್ಪ 4.6. ಎನ್‌ಎಚ್35 ಅಗಲ 27.4, ದಪ್ಪ 5.32. ಮುಚ್ಚಳ ಹಾಕಿದರೆ ರೋಟರ್ ಉಜ್ಜುತ್ತದೆ. ಮುಳ್ಳಿನಲ್ಲೂ ಒಂದು ತಕರಾರಿದೆ. ಗಂಟೆ ಮುಳ್ಳಿನ ತೂತು 1.50 ಮಿ.ಮೀ., ನಿಮಿಷದ್ದು 0.90, ಎರಡೂ ಮಿಷನ್‌ಗೆ ಒಂದೇ ಅಳತೆ. ಸೆಕೆಂಡ್ ಮುಳ್ಳಿನ ತೂತು ಮಾತ್ರ 2824ಕ್ಕೆ 0.25, ಎನ್‌ಎಚ್35ಕ್ಕೆ 0.20. 2824ರ ಮುಳ್ಳನ್ನು ಇದಕ್ಕೆ ಹಾಕಿದರೆ ಕೂತ ಹಾಗೆ ಕಂಡು ಮೊದಲ ಏಟಿಗೇ ಉದುರುತ್ತದೆ. ಆರ್ಡರ್ ಮಾಡುವ ಮೊದಲೇ ಈ ಅಂಕಿ ನೋಡಿಕೊಳ್ಳಿ.

ಮಾಡ್ ಮಾಡಲು ಬೇಕಾದರೆ ಹೆಸರಿಲ್ಲದ ಡಯಲ್ ಸಿಗುತ್ತವೆ, ಅದನ್ನೇ ಹಾಕಿ. "ಅಣ್ಣಾ, ಇದ್ರ ಮೇಲೆ ಒಮೆಗಾ ಡಯಲ್ ಕೂರಿಸ್ಕೊಡಿ, ಮಾರೋಕೆ" ಅಂತ ಬಂದವರನ್ನು ನಾನು ಹಾಗೇ ಕಳಿಸಿದ್ದೇನೆ. ಸುಳ್ಳು ಹೆಸರಿನ ಮಾಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಪ್ರಕಾರ ಅಪರಾಧ, ಜೈಲೂ ಉಂಟು, ದಂಡವೂ ಉಂಟು. ಕಾಯಿದೆ ಇಲ್ಲದಿದ್ದರೂ ಆ ಕೆಲಸಕ್ಕೆ ನನ್ನ ಚಿಮಟ ಏಳುವುದಿಲ್ಲ.

ಎಚ್‌ಎಂಟಿಗೂ ನಕಲಿನ ಕಾಟ ತಪ್ಪಿಲ್ಲ ನೋಡಿ. ಕಾರ್ಖಾನೆ ಮುಚ್ಚಿದ ಮೇಲೆ ಬೇಡಿಕೆ ಏರಿತು. ಗುಜರಿಯ ಬಿಡಿಭಾಗ ಒಟ್ಟು ಮಾಡಿ, ಡಯಲ್‌ಗೆ ಹೊಸ ಬಣ್ಣ ಬಳಿದು, ಹೊಸದು ಅಂತಲೇ ಮಾರುತ್ತಾರೆ. ನಮ್ಮ ಬೀದಿಯ ಯಜಮಾನರಿಗೆ ಅಂಥದ್ದೊಂದು ತೋರಿಸಿದರೆ ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ನಿಮಿಷದ ಗೆರೆಗಳು ದಪ್ಪ-ಸಣ್ಣ ಆಗಿರುವುದನ್ನು ಉಗುರಿನಿಂದ ತೋರಿಸಿ, "ಇದು ನಮ್ಮ ಕೈಯಲ್ಲಿ ಆಗಿದ್ದಲ್ಲ" ಅಂದುಬಿಟ್ಟರು. ಇಂಥವುಗಳಲ್ಲಿ ಮಿಷನ್ ನಿಜವಾದ 0231 ಆಗಿರಬಹುದು, ಆದರೆ ಸವೆದಿರುತ್ತದೆ. ಬ್ಯಾಲೆನ್ಸನ್ನು ಚಿಮಟದಿಂದ ಮೆಲ್ಲಗೆ ಮೇಲೆ-ಕೆಳಗೆ ಅಲ್ಲಾಡಿಸಿ ನೋಡಿ. ಅಗತ್ಯಕ್ಕಿಂತ ಜಾಸ್ತಿ ಆಡಿದರೆ ಪಿವಟ್ಟೋ ಕಲ್ಲೋ ಹೋಗಿದೆ.

ಹೊಸದಾಗಿ ಶುರು ಮಾಡುವವರು ಫಸ್ಟ್ ಕಾಪಿಯಿಂದ ಶುರು ಮಾಡಬೇಡಿ. ಓಡದ ಜನತಾ ಒಂದನ್ನು ತಂದುಕೊಳ್ಳಿ. ದುಡ್ಡು ಹಾಕಬೇಕಾದ್ದು ಎರಡಕ್ಕೆ, ಒಳ್ಳೆ ಚಿಮಟ ಮತ್ತು ಒಳ್ಳೆ ಸ್ಕ್ರೂಡ್ರೈವರ್. ಟೈಮ್‌ಗ್ರಾಫರ್ ಆಮೇಲೆ ತಗೊಂಡರಾಯಿತು, ಅಲ್ಲಿಯವರೆಗೆ ಫೋನಿನ ಆ್ಯಪ್ ಸಾಕು. ಅಯಸ್ಕಾಂತ ಇಳಿಸುವ ಅಗ್ಗದ ಡಬ್ಬಿಯೊಂದು ಇರಲಿ. ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡತೊಡಗಿದರೆ, ಏನನ್ನೂ ಬಿಚ್ಚುವ ಮೊದಲು ಪಕ್ಕದಲ್ಲಿ ದಿಕ್ಸೂಚಿ ಹಿಡಿಯಿರಿ. ದಿಕ್ಸೂಚಿಯ ಮುಳ್ಳು ಅಲ್ಲಾಡಿದರೆ ಹೇರ್‌ಸ್ಪ್ರಿಂಗ್‌ಗೆ (ಬ್ಯಾಲೆನ್ಸಿನ ಕೂದಲಿನಂಥ ಸ್ಪ್ರಿಂಗ್) ಅಯಸ್ಕಾಂತ ಹತ್ತಿರುವ ಸಾಧ್ಯತೆ ಜಾಸ್ತಿ. ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿ, ಒತ್ತಿಕೊಂಡೇ ವಾಚನ್ನು ನಿಧಾನಕ್ಕೆ ದೂರ ಎತ್ತಿ, ಆಮೇಲೆ ಗುಂಡಿ ಬಿಡಿ.