ಹಲಸಿನ ಬೀಜ, ಗೋರಿಕಾಯಿ ಗೋಂದು: ಹಾಸನದಲ್ಲಿ ನಾನು ಪ್ರೋಟೀನ್ ಹರಳು ಬೆಳೆಸಿದ್ದು

ಸೂಜಿ ಮೊನೆಯಿಂದ ಹರಳನ್ನು ಮೆಲ್ಲಗೆ ಒತ್ತಿದೆ. ಉಪ್ಪಿನದಾಗಿದ್ದರೆ ಕಟಕ್ ಅಂತ ಸಿಡಿಯಬೇಕಿತ್ತು. ಇದು ಗಿಣ್ಣಿನ ಹಾಗೆ ಮೆತ್ತಗೆ ಒಡೆಯಿತು. ಪಕ್ಕದ ಹನಿಗೆ ನೀಲಿ ಬಣ್ಣ ಬಿಟ್ಟೆ. ಅರ್ಧ ಗಂಟೆಯಲ್ಲಿ ಹರಳುಗಳು ಬಣ್ಣ ಕುಡಿದು ಕಡುನೀಲಿಯಾದವು. ಜಾಕಲಿನ್, ಹಲಸಿನ ಬೀಜದ ಪ್ರೋಟೀನ್! ನಾಲ್ಕು ವರ್ಷ ಕಾದಿದ್ದು ಇದಕ್ಕೇ.

ಜಾಕಲಿನ್ ರಚನೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1996ರಲ್ಲೇ ಅದನ್ನು ಬಿಡಿಸಿ ತೋರಿಸಿತ್ತು. ನಾಲ್ಕು ಉಪಘಟಕ, ಒಂದೊಂದರಲ್ಲೂ 133 ಅಮೈನೋ ಆಮ್ಲಗಳ ದೊಡ್ಡ ಸರಪಳಿ, 20ರ ಚಿಕ್ಕ ಸರಪಳಿ. ದೊಡ್ಡ ಸರಪಳಿಯ ಮೊದಲ ಅಮೈನೋ ಆಮ್ಲವಾದ ಗ್ಲೈಸೀನೇ ಗ್ಯಾಲಕ್ಟೋಸ್ ಅನ್ನೋ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತ ನೋಡಿಯೇ ನಾನು ಈ ಪ್ರೋಟೀನಿಗೆ ಮರುಳಾದವನು. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹಲಸಿನ ಬೀಜ ಕೇಳಿದಷ್ಟು ಸಿಗುತ್ತದೆ. ಇಲ್ಲೇ ಯಾಕೆ ಆಗಬಾರದು ಅನ್ನೋದು ನನ್ನ ಹಟ.

ಡಿಗ್ರಿ ಕಾಲೇಜಿನ ಲ್ಯಾಬಲ್ಲಿ ಹರಳು ಬೆಳೆಯಲ್ಲ ಅಂತ ಹಿರಿಯರೊಬ್ಬರು ನೇರವಾಗಿಯೇ ಹೇಳಿದ್ದರು. ಮುಖ್ಯ ತೊಡಕು ದುಡ್ಡು. ಬೀಜದ ಸಾರದಿಂದ ಜಾಕಲಿನ್ ಹಿಡಿದು ಬೇರ್ಪಡಿಸುವ, ಗ್ಯಾಲಕ್ಟೋಸ್ ಕಟ್ಟಿದ ಅಗರೋಸ್ ಕಾಳಿಗೆ ದರ ಕೇಳಿದಾಗ 5 ಮಿಲೀಗೇ 15 ಸಾವಿರದ ಮೇಲೆ ಹೇಳಿದರು. ನಮ್ಮ ವರ್ಷದ ಅನುದಾನ 40 ಸಾವಿರ. ಅದಕ್ಕೇ ಗೋರಿಕಾಯಿ ಗೋಂದಿಗೆ ಕೈ ಹಾಕಿದೆ. ಅದರ ತುಂಬಾ ಗ್ಯಾಲಕ್ಟೋಸ್ ಇದೆ, ಜಾಕಲಿನ್ ಬಂದು ಕಚ್ಚಿಕೊಳ್ಳುತ್ತದೆ. ಅರ್ಧ ಕೇಜಿಗೆ ಸುಮಾರು 200 ರೂಪಾಯಿ ಕೊಟ್ಟ ನೆನಪು.

ಮೊದಲ ಮೂರು ಸಲ ಪೂರಾ ಹಾಳಾಯಿತು. ಗೋಂದನ್ನು ನೀರಿನಲ್ಲಿ ಕರಗದ ಕಾಳು ಮಾಡಬೇಕಿತ್ತು. ಮೊದಲ ಸಲ ಕ್ಷಾರಕ್ಕೆ ಗೋಂದಿನ ಪುಡಿ ಒಟ್ಟಿಗೇ ಸುರಿದೆ. ಸರಿಯಾಗಿ ತಿರುವದ ಮುದ್ದೆ ಥರ ಗಂಟು ಗಂಟಾಯಿತು. ಎರಡನೇ ಸಲ ಗಂಟಿಲ್ಲದೆ ಬಂತು, ಆದರೆ ಕಾಲಮ್ಮಿನಲ್ಲಿ, ಅಂದರೆ ಕಾಳು ತುಂಬಿದ ಕೊಳವೆಯಲ್ಲಿ, ನೀರೇ ಇಳಿಯಲಿಲ್ಲ. ಮಿಕ್ಸಿಯಲ್ಲಿ ಜಾಸ್ತಿ ನುಣ್ಣಗೆ ಮಾಡಿದ್ದೆ. ಮೂರನೆಯದು ಚೆನ್ನಾಗಿತ್ತು, ಆದರೆ ಜುಲೈ ಮಳೆಗೆ ಮೂರು ದಿನ ಕರೆಂಟ್ ಹೋಗಿ, ಫ್ರಿಜ್ಜಿನಲ್ಲಿದ್ದ ಬೀಜದ ಸಾರವೆಲ್ಲ ನಾರಿತು. ಗೋಂದನ್ನು ಗಟ್ಟಿ ಮಾಡುವ ಎಪಿಕ್ಲೋರೋಹೈಡ್ರಿನ್ ಒಂದಕ್ಕೇ 2 ಸಾವಿರ ಹೋಗಿತ್ತು. ಅದು ವಿಷ, ಫ್ಯೂಮ್ ಹುಡ್ (ವಿಷದ ಆವಿ ಹೊರಗೆಳೆಯುವ ಗೂಡು) ಇಲ್ಲದೆ ಮುಟ್ಟಬೇಡಿ.

ನಾಲ್ಕನೇ ಸಲ 40 ಡಿಗ್ರಿಯಲ್ಲಿ ಒಂದು ದಿನ, ಆಮೇಲೆ 70ರಲ್ಲಿ ರಾತ್ರಿಯಿಡೀ ಇಟ್ಟೆ. ಗಟ್ಟಿಯಾದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಎರಡು ಜರಡಿ ಹಿಡಿದು, ನಡುವಿನ ಗಾತ್ರದ ಕಾಳು ಮಾತ್ರ ಉಳಿಸಿಕೊಂಡೆ. ನುಣ್ಣನೆಯದನ್ನು ನಾಲ್ಕೈದು ಸಲ ನೀರಿನಲ್ಲಿ ತೇಲಿಸಿ ಚೆಲ್ಲಿದೆ. ಕಾಲಮ್ ಸರಾಗವಾಗಿ ಇಳಿಯಿತು. ಗೋಂದು ಎಷ್ಟು, ಕ್ಷಾರ ಎಷ್ಟು ಅನ್ನೋದು ಸದ್ಯ ನನ್ನಲ್ಲೇ ಇರಲಿ.

50 ಗ್ರಾಂ ಬೀಜದ ಪುಡಿಯಿಂದ, ಕಾಲಮ್ಮಿಗೆ ಕಚ್ಚಿಕೊಂಡ ಜಾಕಲಿನನ್ನು 0.2 ಮೋಲಾರ್ ಗ್ಯಾಲಕ್ಟೋಸ್ ದ್ರಾವಣ ಬಿಟ್ಟು ಇಳಿಸಿದಾಗ, ಸುಮಾರು 150 ಮಿಲಿಗ್ರಾಂ ಸಿಕ್ಕಿತು. ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್‌ನಲ್ಲಿ ಹತ್ತಿರ ಹತ್ತಿರ ಎರಡು ಗೆರೆ, ಬೇರೆ ಪ್ರೋಟೀನಿನ ಕಸವೇ ಇಲ್ಲ. ದುಬಾರಿ ಕಾಲಮ್ಮಿನವರ ಜೆಲ್ ಪಕ್ಕದಲ್ಲಿ ಧೈರ್ಯವಾಗಿ ಇಡಬಹುದು.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಬಕ್ಕೆ ಮತ್ತು ಅಂಬಲಿ ಹಲಸಿನ ಬೀಜಗಳನ್ನು ಹೋಲಿಸಿದೆ. ಜಾಕಲಿನ್ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆ ಶಕ್ತಿಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಸಾರಿಗೆ ಬೇಯಿಸಿದ ಬೀಜವನ್ನೂ ಅರೆದು ನೋಡಿದೆ. ಗುಳಿಯ ತಳದಲ್ಲಿ ರಕ್ತಕಣ ಗುಂಡಗೆ ಕೂತವು, ಅಂಟಲೇ ಇಲ್ಲ. ಬೇಯಿಸಿದರೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ ಅನ್ನೋದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಹರಳಿಗೆ ತೂಗುಹನಿ ವಿಧಾನ: ತಲೆಕೆಳಗಾಗಿ ತೂಗುವ ಪ್ರೋಟೀನ್ ಹನಿ ನಿಧಾನಕ್ಕೆ ನೀರು ಕಳೆದುಕೊಂಡು ಹರಳುಗಟ್ಟುತ್ತದೆ. ಪ್ರೋಟೀನನ್ನು ದ್ರಾವಣದಿಂದ ಹೊರದೂಡುವ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಪ್ರಮಾಣ ಬದಲಿಸುತ್ತಾ 24 ಗುಳಿಯ ತಟ್ಟೆ ಹನ್ನೊಂದು ಇಟ್ಟೆ. ಹತ್ತರಲ್ಲಿ ಬರೀ ಬಿಳಿ ಗಸಿ. ಹನ್ನೊಂದನೆಯದಕ್ಕೆ ಯಾವ ಉಪ್ಪು ಸೇರಿಸಿದೆ ಅನ್ನೋದನ್ನು ಎಕ್ಸ್‌ರೇ ತೆಗೆಸಿದ ಮೇಲೆ ಹೇಳುತ್ತೇನೆ. ಫ್ರಿಜ್ಜಿಗಿಂತ ನಮ್ಮೂರಿನ ನವೆಂಬರ್ ಚಳಿಯೇ ಹಿತವಾಯಿತು. ಆರನೇ ದಿನ ಹರಳು ಬಂತು. ಅದರ ಫೋಟೋವನ್ನು ಆ ಹಿರಿಯರಿಗೆ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿ, ಗೋಂದು ಎಲ್ಲಿ ತಗೊಂಡ್ರಿ ಅಂತ ಕೇಳಿದರು.

ಕಾಲಮ್ ಹಿಡಿಯದೆ ಬಿಟ್ಟ ನೀರನ್ನು ಚೆಲ್ಲಿಲ್ಲ. ಅದರಲ್ಲಿ ಮ್ಯಾನೋಸ್ ಅನ್ನೋ ಇನ್ನೊಂದು ಸಕ್ಕರೆಯನ್ನು ಹಿಡಿಯುವ ಪ್ರೋಟೀನ್ ಆರ್ಟೋಕಾರ್ಪಿನ್ ಇದೆ. ಎರಡು ಬಾಟಲಿ ಫ್ರಿಜ್ಜಿನಲ್ಲಿವೆ. ಮುಂದಿನದು ಅದು.